1-ಕ್ಯೂ: ಪಕ್ಕದವರಿಗೆ ಪಾಯಸ, ಸೇದುವವನಿಗೆ ಬರೀ ಘಮ

ಮೊದಲೇ ಹೇಳಿಬಿಡುತ್ತೇನೆ. ಲೇನ್ ಲಿಮಿಟೆಡ್ ಕಂಪನಿಯ 1-ಕ್ಯೂ ಅನ್ನೋ ಪೈಪ್ ತಂಬಾಕು ಹೇಗಿದೆ ಅಂತ ಗೊತ್ತಾಗಬೇಕಾದರೆ ಸೇದುವವನನ್ನು ಕೇಳಬೇಡಿ, ಅವನ ಪಕ್ಕ ಕೂತವರನ್ನು ಕೇಳಿ. ಸೇದುವವನು "ಪರವಾಗಿಲ್ಲ" ಅನ್ನುತ್ತಾನೆ. ಪಕ್ಕದವರು "ಆಹಾ, ಏನದು?" ಅನ್ನುತ್ತಾರೆ. ಮೂರು ವರ್ಷದಿಂದ ಇದನ್ನು ಸೇದುತ್ತಿದ್ದೇನೆ, ವಾರಕ್ಕೆ ಒಂದೋ ಎರಡೋ ಸಲ, ಷಿಕಾಗೋ ಹೊರವಲಯದ ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು. ಬಿಡೋಣ ಅಂತ ಎರಡು ಸಲ ಅಂದುಕೊಂಡೆ. ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನೋದೇ ಈ ರಿವ್ಯೂ.

ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮ ಕಡೆ ತಂಬಾಕು ಅಂತ ಯಾರೂ ಅನ್ನುವುದಿಲ್ಲ, ಹೊಗೆಸೊಪ್ಪು, ಇನ್ನೂ ಸಲೀಸಾಗಿ ಬರೀ ಸೊಪ್ಪು. "ಈ ಸಲ ಸೊಪ್ಪು ಹೆಂಗೆ?" ಅಂದರೆ ಮೆಂತ್ಯದ ಸೊಪ್ಪಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುವ ವರ್ಜೀನಿಯಾ ತಂಬಾಕು. ಅಪ್ಪನ ಹತ್ತಿರ ತಂಬಾಕು ಮಂಡಳಿಯ ಲೈಸೆನ್ಸ್ ಇತ್ತು, ಹೊಲದ ಮೂಲೆಯಲ್ಲಿ ಸೊಪ್ಪು ಬೇಯಿಸುವ ಮನೆ, ಅಂದರೆ ಒಂದು ಬ್ಯಾರನ್ ಇತ್ತು. ಹಸಿ ಎಲೆ ಮುರಿಯುವಾಗ ಕೈಗೆ ಹತ್ತುವ ಕಪ್ಪು ಅಂಟು ಎಷ್ಟು ಸೋಪು ಹಾಕಿದರೂ ಎರಡು ದಿನ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಉಂಡರೆ ಅನ್ನ ಕಹಿ. ಮಳೆಯಲ್ಲಿ ಒದ್ದೆ ಎಲೆ ಮುರಿದ ದಿನ ತಲೆ ಸುತ್ತಿ ವಾಂತಿ ಬರುತ್ತಿತ್ತು, ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ ಅಂತ ಆಮೇಲೆ ಓದಿ ತಿಳಿದೆ. ಆಗ ದೊಡ್ಡವರು "ಸೊಪ್ಪು ಹತ್ತೈತೆ, ಮಲಕ್ಕೋ" ಅನ್ನೋರು, ಅಷ್ಟೇ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ತಂಬಾಕಿನ ವಾಸನೆ ನನಗೆ ಅಂಗಡಿಯಲ್ಲಿ ಪರಿಚಯವಾದದ್ದಲ್ಲ. ಹಾಗಾಗಿ ಈ ವೆನಿಲಾ ತಂಬಾಕನ್ನು ನೋಡುವ ನನ್ನ ಕಣ್ಣು ಸ್ವಲ್ಪ ವಕ್ರ. ಗೊತ್ತಿದ್ದೇ ಓದಿ.

ಈಗ ವಿಷಯಕ್ಕೆ. 1-ಕ್ಯೂ ಅಮೆರಿಕದಲ್ಲಿ ತುಂಬಾ ಹಳೆಯ, ತುಂಬಾ ಮಾರಾಟವಾಗುವ ಪರಿಮಳದ ತಂಬಾಕುಗಳಲ್ಲಿ ಒಂದು. ಒಳಗಿರುವುದು ವರ್ಜೀನಿಯಾ ಮತ್ತು ಬ್ಲ್ಯಾಕ್ ಕ್ಯಾವೆಂಡಿಶ್ ಅನ್ನೋ ಬೇಯಿಸಿ ಕಪ್ಪಾಗಿಸಿದ ಎಲೆ, ಮೇಲೆ ವೆನಿಲಾ. ಲೇನ್ ಕಂಪನಿ 2011ರಿಂದ ಡೆನ್ಮಾರ್ಕಿನ ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪ್ ಕೈಯಲ್ಲಿದೆ. ಔಷಧಿ ಅಂಗಡಿಯಲ್ಲೂ ಸಿಗುವ ಕ್ಯಾಪ್ಟನ್ ಬ್ಲ್ಯಾಕ್ ಇದೆಯಲ್ಲ, ಅದೂ ಇವರದ್ದೇ. 1-ಕ್ಯೂ ಬಹಳ ಕಾಲದಿಂದ ಅಂಗಡಿಗಳಿಗೆ ದೊಡ್ಡ ಚೀಲದಲ್ಲಿ ಬರುತ್ತದೆ, ಅಂಗಡಿಯವರು ಗಾಜಿನ ಜಾಡಿಗೆ ಸುರಿದು ತೂಕಕ್ಕೆ ಮಾರುತ್ತಾರೆ. ಇಲ್ಲೊಂದು ತಮಾಷೆ ಇದೆ. ಜಾಡಿಯ ಮೇಲೆ 1-ಕ್ಯೂ ಅಂತಲೇ ಬರೆಯಬೇಕು ಅಂತೇನೂ ಇಲ್ಲ. ಎಷ್ಟೋ ಅಂಗಡಿಗಳಲ್ಲಿ ಇದಕ್ಕೆ ಅವರದ್ದೇ ಒಂದು ಹೆಸರು, ಅವರದ್ದೇ ಒಂದು ಕಥೆ.

ನಾನು ಬಿದ್ದದ್ದೂ ಅಲ್ಲೇ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದೂರದ ಒಂದು ಅಂಗಡಿ, ಹೆಸರು ಬೇಡ. ಕೌಂಟರಿನವನು ಒಂದು ಜಾಡಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. "ನಮ್ಮ ಮನೆ ಮಿಶ್ರಣ, ಬೇರೆಲ್ಲೂ ಸಿಗಲ್ಲ" ಅಂದ. ಸೇದಿ ನೋಡುವ ಹಾಗಿಲ್ಲ. 2016ರ ಫೆಡರಲ್ ನಿಯಮದ ನಂತರ ಅಂಗಡಿಯವರು ಒಂದು ಚಿಟಿಕೆ ತಂಬಾಕನ್ನೂ ಪುಕ್ಕಟೆ ಕೊಡುವಂತಿಲ್ಲ. ಮೂಸಬಹುದು, ಅಷ್ಟೇ. ಮೂಸಿದ ಮೇಲೆ ಮುಗಿಯಿತು ಬಿಡಿ. ಈ ತಂಬಾಕನ್ನು ಮೂಗಿನಿಂದ ಕೊಳ್ಳೋದು, ಬಾಯಿಂದ ಸೇದೋದು, ಎರಡರ ನಡುವೆ ಇರುವ ದೂರ ಮನೆಗೆ ಬಂದು ಬೆಂಕಿ ಹಚ್ಚಿದ ಮೇಲೆ ತಿಳಿಯೋದು. ಎರಡು ಔನ್ಸ್ ತಗೊಂಡೆ. ನಾಲ್ಕು ತಿಂಗಳ ನಂತರ ಬೇರೆ ಕಡೆ 1-ಕ್ಯೂ ಅಂತ ಚೀಟಿ ಇರುವ ಜಾಡಿ ತೆಗೆದು ಮೂಸಿದಾಗ ನಗು ಬಂತು. ಅದೇ ಕರಿ, ಅದೇ ಹೊಂಬಣ್ಣ, ಅದೇ ಅಂಟು. ಬೆಲೆ ಮಾತ್ರ ಔನ್ಸಿಗೆ ಸುಮಾರು ಐದು ಡಾಲರ್, ಅಂದರೆ ಮೊದಲಿನವನು ತಗೊಂಡದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬೈದುಕೊಂಡೆ, ಅವನನ್ನಲ್ಲ, ನನ್ನನ್ನೇ. ಸೊಪ್ಪು ಬೆಳೆಯೋನ ಮಗ ಸೊಪ್ಪಿನಲ್ಲೇ ಟೋಪಿ ಹಾಕಿಸಿಕೊಂಡದ್ದು ಊರಿಗೆ ತಿಳಿದರೆ ಮರ್ಯಾದೆ ಉಳಿಯುತ್ತಾ?

ಡಬ್ಬದ ಮುಚ್ಚಳ ತೆಗೆದಾಗ ಬರುವ ವಾಸನೆಗೆ ನಿಮಗೆಲ್ಲ ಗೊತ್ತಿರುವ ಒಂದು ಗುರುತು ಹೇಳುತ್ತೇನೆ. ಕಸ್ಟರ್ಡ್ ಪೌಡರ್ ಡಬ್ಬ. ಚಿಕ್ಕವರಿದ್ದಾಗ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ತಂದ ಆ ಡಬ್ಬದ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸಿದಾಗ ಒಂದು ಘಮ ಏಳುತ್ತಿತ್ತಲ್ಲ, ಅದು. ಅದರ ಕೆಳಗೆ, ಬೆಲ್ಲದ ಪಾಕ ಹದ ದಾಟಿ ಇನ್ನೇನು ತಳ ಹಿಡಿಯುತ್ತೆ ಅನ್ನುವಾಗಿನ ವಾಸನೆ. ಅದಕ್ಕೂ ಕೆಳಗೆ, ಮೂಗು ಪೂರ್ತಿ ಒಳಗಿಟ್ಟರೆ ಮಾತ್ರ, ಒಣ ಹುಲ್ಲಿನ ಮೆದೆಯ ತೆಳು ವಾಸನೆ. ಆ ಮೂರನೆಯದೇ ನಿಜವಾದ ತಂಬಾಕು. ಮೊದಲ ಎರಡು ಅಡಿಗೆಮನೆ.

ನೋಡಲು ಚೆಂದ. ಸಣ್ಣ ರಿಬ್ಬನ್ ಥರ ಕತ್ತರಿಸಿರುತ್ತಾರೆ, ಮುಕ್ಕಾಲು ಪಾಲು ಕಪ್ಪು ಕಂದು, ನಡುನಡುವೆ ಹೊಂಬಣ್ಣದ ಎಳೆಗಳು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಒದ್ದೆ ಅಲ್ಲ, ಒಂಥರಾ ಜಿಗುಟು. ಖರ್ಜೂರ ಬಿಡಿಸಿದ ಬೆರಳಿನ ಹಾಗೆ. ಅದು ಸಕ್ಕರೆ ಪಾಕದ್ದು, ಜೊತೆಗೆ ಇಂಥ ತಂಬಾಕಿಗೆ ಒಣಗದಿರಲಿ ಅಂತ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್‌ನದು. ಈ ಗ್ಲೈಕಾಲ್ ನೆನಪಿಟ್ಟುಕೊಳ್ಳಿ, ಮುಂದೆ ಇದರ ಜೊತೆ ಜಗಳ ಇದೆ.

ಬ್ಲ್ಯಾಕ್ ಕ್ಯಾವೆಂಡಿಶ್ ಅನ್ನೋದು ಒಂದು ಗಿಡದ ಹೆಸರಲ್ಲ, ಒಂದು ಅಡಿಗೆಯ ಹೆಸರು. ವರ್ಜೀನಿಯಾದಿಂದಲೂ ಮಾಡುತ್ತಾರೆ, ಬರ್ಲಿ ಅನ್ನೋ ಇನ್ನೊಂದು ಬಗೆಯ ತಂಬಾಕಿನಿಂದಲೂ ಮಾಡುತ್ತಾರೆ. ಎಲೆಗೆ ಸಿಹಿ ನೀರು ಕುಡಿಸಿ, ಹಬೆಯಲ್ಲಿ ಬೇಯಿಸಿ, ಒತ್ತಿ ಇಟ್ಟು, ಕಪ್ಪಗಾಗುವವರೆಗೆ ಕಾಯುತ್ತಾರೆ. ಹೀಗೆ ಬೆಂದ ಎಲೆಯಲ್ಲಿ ಅದರದ್ದೇ ಆದ ಗುಣ ಬಹಳ ಉಳಿಯುವುದಿಲ್ಲ. ಖಾರ ಹೋಗುತ್ತೆ, ಕಹಿ ಹೋಗುತ್ತೆ, ಜೊತೆಗೆ ರುಚಿಯೂ ಸುಮಾರು ಹೋಗುತ್ತೆ. ಸಿಗೋದು ಮೆತ್ತನೆಯ ಹೊಗೆ, ಮತ್ತೆ ಯಾವ ಪರಿಮಳ ಹಾಕಿದರೂ ಹೀರಿಕೊಳ್ಳುವ ಎಲೆ. ಗಾಳಿಯಲ್ಲಿ ಒಣಗಿಸುವ ಬರ್ಲಿಯಲ್ಲಂತೂ ಮೊದಲೇ ಸಕ್ಕರೆ ಇಲ್ಲ ಅನ್ನಬಹುದು, ಅದು ಕೊಟ್ಟಷ್ಟನ್ನೂ ಕುಡಿಯುತ್ತೆ. ಬದನೆಕಾಯಿಗೆ ಎಣ್ಣೆ ಹಾಕಿದ ಹಾಗೆ. ಕೊನೆಯಲ್ಲಿ ವೆನಿಲಾ ಸಿಂಪಡಿಸುತ್ತಾರೆ. ಮೊದಲು ಕುಡಿಸುವುದು ಕೇಸಿಂಗ್, ಕೊನೆಗೆ ಸಿಂಪಡಿಸುವುದು ಟಾಪಿಂಗ್. ಡಬ್ಬದಲ್ಲಿ ಮೂಗಿಗೆ ಹೊಡೆಯೋದು ಟಾಪಿಂಗ್. ಬೆಂಕಿ ಬಿದ್ದ ತಕ್ಷಣ ಮೊದಲು ಹಾರಿಹೋಗುವುದೂ ಅದೇ.

ವರ್ಜೀನಿಯಾ ಕಥೆ ಬೇರೆ. ಅದನ್ನು ಬೇಯಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಡ್ಡಿಗೆ ಪೋಣಿಸಿದ ಹಸಿ ಎಲೆಯನ್ನು ಬ್ಯಾರನ್ ಒಳಗೆ ಸಾಲು ಸಾಲಾಗಿ ನೇತುಹಾಕಿ, ಹೊರಗಿನಿಂದ ಸೌದೆ ಒಲೆ ಹಚ್ಚುತ್ತಾರೆ. ಬೆಂಕಿಯ ಹೊಗೆ ಕಬ್ಬಿಣದ ಕೊಳವೆಯಲ್ಲೇ ಹೋಗಬೇಕು, ಸೊಪ್ಪಿಗೆ ತಾಕಬಾರದು, ಬರೀ ಶಾಖ ತಾಕಬೇಕು. ಮೊದಲು 35-40 ಡಿಗ್ರಿಯಲ್ಲಿ ಎಲೆ ಹಣ್ಣಾಗಬೇಕು, ಆಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ನಿಧಾನಕ್ಕೆ ಏರಿಸುತ್ತಾ ಕೊನೆಗೆ 70 ಡಿಗ್ರಿ ಹತ್ತಿರ ಹೋದಾಗ ನಡುದಂಟು ಒಣಗುತ್ತದೆ. ಐದಾರು ದಿನದ ಕೆಲಸ. ರಾತ್ರಿ ಎದ್ದು ಎದ್ದು ಥರ್ಮಾಮೀಟರ್ ನೋಡಬೇಕು. ಅವಸರ ಮಾಡಿದರೆ ಎಲೆ ಹಸಿರಾಗಿಯೇ ಉಳಿಯುತ್ತೆ, ತಡ ಮಾಡಿದರೆ ಕಂದು ತಿರುಗುತ್ತೆ. ಆ ದಿನಗಳಲ್ಲಿ ಊರಿನ ತುಂಬ ಒಂದು ಸಿಹಿ ವಾಸನೆ ಇರುತ್ತಿತ್ತು, ಬಿಸಿ ಹುಲ್ಲು, ಜೇನು, ಸ್ವಲ್ಪ ಬ್ರೆಡ್ಡು. ಅದಕ್ಕೆ ಯಾರೂ ಯಾವ ವೆನಿಲಾನೂ ಹಾಕಿರಲಿಲ್ಲ.

1-ಕ್ಯೂ ಡಬ್ಬದಲ್ಲಿ ಆ ಕೆಲವು ಹೊಂಬಣ್ಣದ ಎಳೆಗಳಿವೆ ಅಂದೆನಲ್ಲ, ಅವು ಹಾಗೆ ಬೆಂದ ಸೊಪ್ಪು. ಯಾವ ದೇಶದ್ದು ಅಂತ ಡಬ್ಬ ಹೇಳುವುದಿಲ್ಲ. ನಾನೂ ಊಹೆ ಮಾಡಲ್ಲ.

ಈಗ ಸೇದುವ ವಿಷಯ. ತಂದ ಹಾಗೇ ತುಂಬಿ ಹಚ್ಚಬೇಡಿ, ಎಲೆಯೊಳಗೆ ಇನ್ನೂ ನೀರಿನ ಅಂಶ ಇರುತ್ತೆ. ಹಚ್ಚಿದರೆ ಏನಾಗುತ್ತೆ ಅಂದರೆ, ಬೆಂಕಿ ನಿಲ್ಲಲ್ಲ, ನೀವು ಜೋರಾಗಿ ಎಳೆಯುತ್ತೀರಿ, ಒಳಗೆ ಹಬೆ ಏಳುತ್ತೆ, ಆ ಹಬೆ ನಾಲಿಗೆಯ ತುದಿಯನ್ನು ಸುಡುತ್ತೆ, ಬಿಸಿ ಕಾಫಿ ಗುಟುಕಿಸಿದ ಮಾರನೆಯ ದಿನ ನಾಲಿಗೆ ಹೇಗಿರುತ್ತೆ ಹಾಗೆ ಎರಡು ದಿನ, ಉಪ್ಪಿನಕಾಯಿ ಮುಟ್ಟೋಕಾಗಲ್ಲ. ಮೊದಲ ಸಲ ನನಗೆ ಆದದ್ದು ಅದೇ. ಮೃದು ಮೃದು ಅಂತ ಎಲ್ಲರೂ ಹೇಳಿದ ತಂಬಾಕು ನಾಲಿಗೆ ಕಚ್ಚಿತು. ತಂಬಾಕು ಮೃದುವೇ, ನೀರು ಮೃದುವಲ್ಲ.

ಒಂದು ಕಾಗದದ ತಟ್ಟೆಯ ಮೇಲೆ ಹರಡಿ ಒಂದು ಗಂಟೆ ಬಿಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಾದರೆ ಅರ್ಧ ಗಂಟೆ ಸಾಕು. ಗ್ಲೈಕಾಲ್ ಇರುವುದರಿಂದ ಇದು ಪೂರ್ತಿ ಗರಿಗರಿ ಯಾವತ್ತೂ ಆಗಲ್ಲ, ನೀವು ಮರೆತು ರಾತ್ರಿಯೆಲ್ಲ ಬಿಟ್ಟರೂ ಆಗಲ್ಲ. ಹದ ನೋಡುವುದು ಹೀಗೆ: ಒಂದು ಚಿಟಿಕೆ ಹಿಸುಕಿ ಬಿಡಿ. ಉಂಡೆಯಾಗಿಯೇ ಉಳಿದರೆ ಇನ್ನೂ ಆಗಿಲ್ಲ. ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ನೆನೆಸಿದ ಗಟ್ಟಿ ಅವಲಕ್ಕಿಯನ್ನು ಹಿಂಡಿ ಉದುರಿಸಿದಾಗ ಕಾಳು ಕಾಳು ಬಿಡಿಸಿಕೊಳ್ಳುತ್ತಲ್ಲ, ಆ ಹದ. ಊರಲ್ಲಿ ಇದರ ಉಲ್ಟಾ ಮಾಡುತ್ತಿದ್ದೆವು. ಬ್ಯಾರನ್‌ನಿಂದ ತೆಗೆಯುವ ಮೊದಲು ಬಾಗಿಲು ತೆರೆದಿಟ್ಟು ರಾತ್ರಿಯ ತಂಪು ಗಾಳಿ ಹೊಗಿಸಬೇಕಿತ್ತು, ಇಲ್ಲದಿದ್ದರೆ ಮುಟ್ಟಿದ ಕೂಡಲೇ ಎಲೆ ಹಪ್ಪಳದ ಹಾಗೆ ಪುಡಿ. ಅದನ್ನೂ ಹದ ಬರೋದು ಅಂತಲೇ ಅನ್ನೋದು. ಅಲ್ಲಿ ನೀರು ಕುಡಿಸುವ ಕಾಯುವಿಕೆ, ಇಲ್ಲಿ ನೀರು ಬಿಡಿಸುವ ಕಾಯುವಿಕೆ.

ಪೈಪ್ ಯಾವುದು ಅನ್ನೋದೂ ಮುಖ್ಯ. ನನ್ನ ಹತ್ತಿರ ಒಂದು ಬ್ರೈಯರ್ ಪೈಪ್ ಇದೆ, ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರುಗಂಟಿನಿಂದ ಕೊರೆಯುವುದು. ಅದರಲ್ಲಿ ಈ ತಂಬಾಕು ಸೇದಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಕೊಳವೆಯಲ್ಲಿ ಗೊರಗೊರ ಶುರು, ಹಳೇ ಹುಕ್ಕಾ ಥರ. ಅದರಲ್ಲಿ ಒಮ್ಮೆ ಸೇದಿದರೆ ವೆನಿಲಾ ವಾಸನೆ ಪೈಪಿನಲ್ಲಿ ಕೂತುಬಿಡುತ್ತೆ, ಆಮೇಲೆ ಒಳ್ಳೆ ವರ್ಜೀನಿಯಾ ಸೇದಿದರೂ ಕೇಕ್ ಕೇಕ್ ಅನ್ನಿಸುತ್ತೆ. ಅದಕ್ಕೇ ನಾನು ಇದಕ್ಕೆ ಜೋಳದ ದಿಂಡಿನ ಪೈಪ್ ಇಟ್ಟುಕೊಂಡಿದ್ದೇನೆ. ಹೌದು, ಮುಸುಕಿನ ಜೋಳ ಬಿಡಿಸಿದ ಮೇಲೆ ಉಳಿಯುವ ಅದೇ ದಿಂಡು. ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಅನ್ನೋ ಊರಲ್ಲಿ ಮಿಸ್ಸೂರಿ ಮೀರ್‌ಶಮ್ ಅನ್ನೋ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ದಿಂಡು ತೇವ ಹೀರುತ್ತೆ, ಬಟ್ಟಲು ಬಿಸಿ ಆಗಲ್ಲ, ಬೆಲೆ ಕಡಿಮೆ, ಹಾಳಾದರೆ ಬಿಸಾಕಬಹುದು. ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ "ಒಲೆಗೆ ಹಾಕೋದನ್ನ ದುಡ್ಡು ಕೊಟ್ಟು ತಂದಿದೀಯಾ?" ಅಂದರು. ಏನಂತ ಉತ್ತರ ಕೊಡೋದು.

ಸಡಿಲವಾಗಿ ತುಂಬಿ. ಮೊದಲ ಕಡ್ಡಿ ಸುಮ್ನೆ ಮೇಲ್ಪದರ ಕರಿಯಾಗಲಿಕ್ಕೆ, ಎಳೆಗಳು ಎದ್ದು ನಿಂತ ಮೇಲೆ ಟ್ಯಾಂಪರ್‌ನಿಂದ ಮೆಲ್ಲಗೆ ಒತ್ತಿ, ಎರಡನೆಯ ಕಡ್ಡಿ ಗೀರಿ. ಹೊಗೆಯನ್ನು ಎದೆಗೆ ಎಳೆಯಬೇಡಿ, ಬಾಯಲ್ಲಿ ಆಡಿಸಿ ಬಿಡಿ, ಅದು ಸಿಗರೇಟಲ್ಲ.

ಮೊದಲ ಹತ್ತು ನಿಮಿಷ ಚೆನ್ನಾಗಿದೆ. ವೆನಿಲಾ ಇದೆ, ಆದರೆ ಡಬ್ಬದಲ್ಲಿ ಇದ್ದಷ್ಟು ಇಲ್ಲ, ಅದರ ನೆರಳು ಇದೆ. ಬಾಯಿ ತುಂಬ ಹೊಗೆ, ಕೆನೆಯ ಹಾಗೆ ದಪ್ಪ, ಯಾವ ಮೂಲೆಯೂ ಚುಚ್ಚಲ್ಲ. ಮೂಗಿನಿಂದ ಸ್ವಲ್ಪ ಬಿಟ್ಟರೆ ಆ ಕಸ್ಟರ್ಡ್ ಹಿಂದಿನಿಂದ ಬಂದು ಹೋಗುತ್ತೆ. ನಡುವಿನ ಭಾಗ ಸಪ್ಪೆ. ಸಪ್ಪೆ ಅಂದರೆ ಕೆಟ್ಟದ್ದಲ್ಲ, ಉಪ್ಪು ಮರೆತ ಪಲ್ಯದ ಹಾಗೆ, ತಿನ್ನಬಹುದು, ಯಾಕೆ ತಿನ್ನಬೇಕು ಅಂತ ಗೊತ್ತಾಗಲ್ಲ. ಬಿಸಿ ಗಾಳಿ ಸೇದುತ್ತಿದ್ದೀನಾ ಅನ್ನಿಸುವ ಎಂಟು ಹತ್ತು ನಿಮಿಷ. ಬಹಳ ಜನ ಇಲ್ಲೇ ಜೋರಾಗಿ ಎಳೆಯೋಕೆ ಶುರು ಮಾಡುತ್ತಾರೆ, ರುಚಿ ಹುಡುಕಿಕೊಂಡು. ಎಳೆದಷ್ಟೂ ಬಿಸಿ, ಬಿಸಿಯಾದಷ್ಟೂ ಇರುವ ರುಚಿಯೂ ಮಾಯ. ಇಲ್ಲಿ ಪೈಪನ್ನು ಮರೆತುಬಿಡಬೇಕು. ಪೇಪರ್ ಓದಿ, ಯಾರ ಜೊತೆಗಾದರೂ ಮಾತಾಡಿ. ಅದು ಆರಿಹೋದರೆ ಹೋಗಲಿ, ಮತ್ತೆ ಹಚ್ಚಿ.

ಕೊನೆಯ ಕಾಲು ಭಾಗಕ್ಕೆ ಬಂದಾಗ ನನಗೆ ಬೇಕಾದದ್ದು ಬರುತ್ತೆ, ಬಂದರೆ. ಚೆನ್ನಾಗಿ ಒಣಗಿಸಿ, ನಿಧಾನಕ್ಕೆ ಸೇದಿದ ದಿನ ಮಾತ್ರ. ಮೇಲಿನ ಪರಿಮಳ ಎಲ್ಲ ಸುಟ್ಟು ಹೋಗಿರುತ್ತೆ, ಆಗ ಆ ಕೆಲವು ಹೊಂಬಣ್ಣದ ಎಳೆಗಳು ಬಾಯಿ ಬಿಡುತ್ತವೆ. ಒಣ ಹುಲ್ಲು, ಸುಟ್ಟ ಬ್ರೆಡ್ಡಿನ ಅಂಚು, ಒಂಚೂರು ನಿಂಬೆ ಸಿಪ್ಪೆ. ಎರಡು ಮೂರು ನಿಮಿಷ ಇರುತ್ತೆ. ನಾನು ಈ ತಂಬಾಕು ಬಿಡದೇ ಇರೋದಕ್ಕೆ ಕಾರಣ ಆ ಎರಡು ಮೂರು ನಿಮಿಷ. ಅದಕ್ಕೋಸ್ಕರ ನಲವತ್ತು ನಿಮಿಷ ಕಸ್ಟರ್ಡ್ ಸೇದಬೇಕಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶುದ್ಧ ವರ್ಜೀನಿಯಾ ಡಬ್ಬಗಳು ಬೇಕಾದಷ್ಟು ಸಿಗುತ್ತವೆ. ಸಿಗುತ್ತವೆ, ನನ್ನ ಹತ್ತಿರವೂ ಇವೆ. ಆದರೆ ಮನೆಯಲ್ಲಿ ಅದಕ್ಕೆ ಪರ್ಮಿಷನ್ ಇಲ್ಲ!

ಯಾಕೆಂದರೆ ವಾಸನೆ. ಹಿಂದೆ ಲಟಾಕಿಯಾ ಹಾಕಿದ ಇಂಗ್ಲಿಷ್ ಮಿಶ್ರಣ ಒಂದನ್ನು ಬಾಲ್ಕನಿಯಲ್ಲಿ ಹಚ್ಚಿದ್ದೆ. ಲಟಾಕಿಯಾ ಅಂದರೆ ಸೌದೆಯ ಹೊಗೆಯಲ್ಲೇ ಹದ ಮಾಡಿದ ತಂಬಾಕು, ನಮ್ಮ ಬ್ಯಾರನ್ನಿಗೆ ಪೂರ್ತಿ ವಿರುದ್ಧ. ಅದರ ವಾಸನೆ ಊರಿನ ಬಚ್ಚಲ ಹಂಡೆ ಒಲೆಯದು, ಬೆಳಗ್ಗೆ ಹಸಿ ಸೌದೆ ಹಾಕಿ ಊದಿದಾಗ ಕಣ್ಣಲ್ಲಿ ನೀರು ಬರಿಸುವ ಹೊಗೆ. ನನಗೆ ಪ್ರಾಣ. ಹೆಂಡತಿ ಗಾಜಿನ ಬಾಗಿಲು ಎಳೆದು ಚಿಲಕ ಹಾಕಿದಳು, ಒಳಗಿನಿಂದ. 1-ಕ್ಯೂ ಹಚ್ಚಿದ ದಿನ ಅದೇ ಬಾಗಿಲು ತಾನಾಗಿ ಒಂದು ಗೇಣು ತೆರೆಯಿತು. "ಇದಾದರೆ ಸರಿ" ಅಂದಳು. ಅಯ್ಯಂಗಾರ್ ಬೇಕರಿ ಮುಂದೆ ಸಂಜೆ ನಾಲ್ಕೂವರೆಗೆ ನಿಂತ ಹಾಗಿದೆಯಂತೆ. ಕೆಳಗಿನ ಮನೆಯ ಅಜ್ಜ ಒಬ್ಬರು ನಾನು ಪೈಪ್ ಹಚ್ಚಿದ್ದು ಕಂಡರೆ ಕುರ್ಚಿ ತಂದು ತಮ್ಮ ಬಾಲ್ಕನಿಯಲ್ಲಿ ಹಾಕಿಕೊಳ್ಳುತ್ತಾರೆ. ಅವರ ಅಪ್ಪ ಇಂಥದ್ದೇ ಏನೋ ಸೇದುತ್ತಿದ್ದರಂತೆ. ನಾನು ಸೇದುತ್ತಾ ಸಪ್ಪೆ ಅನ್ನುತ್ತಿರುವ ಹೊತ್ತಿಗೆ ಅವರು ಕೆಳಗೆ ಕಣ್ಣು ಮುಚ್ಚಿ ಕೂತಿರುತ್ತಾರೆ. ಮಾಡುವ ಖರ್ಚು ನನ್ನದು, ಹಬ್ಬ ಅವರದ್ದು.

ಮೃದು ಅನ್ನೋ ಮಾತಿನ ಬಗ್ಗೆ ಒಂದು ಎಚ್ಚರಿಕೆ. ನಿಕೋಟಿನ್ ಇದರಲ್ಲಿ ಕಡಿಮೆ, ಊಟ ಮಾಡದೆ ಸೇದಿದರೂ ನನಗೆ ತಲೆ ತಿರುಗಿಲ್ಲ. ಆದರೆ ಮೃದು ಅನ್ನೋದು ರುಚಿಗೆ ಹೇಳಿದ ಮಾತು. ಪೈಪಿನ ಹೊಗೆಯಿಂದ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅನ್ನೋದು ಸಾಬೀತಾದ ವಿಷಯ, ವೆನಿಲಾ ಹಾಕಿದರೆ ಅದೇನೂ ಕಡಿಮೆ ಆಗಲ್ಲ. ಪಕ್ಕದವರಿಗೆ ಘಮ ಅನ್ನಿಸುವುದೂ ಹೊಗೆಯೇ. ಅದಕ್ಕೇ ಮಗಳು ಮನೆಯಲ್ಲಿದ್ದಾಗ ಹಚ್ಚಲ್ಲ, ಆ ಬಾಗಿಲು ತಾನಾಗಿ ತೆರೆದರೂ ನಾನೇ ಎದ್ದು ಮುಚ್ಚುತ್ತೇನೆ. ಸೇದದೇ ಇರುವವರು ಇದನ್ನು ಓದಿ ಶುರು ಮಾಡಬೇಡಿ. ಇಲ್ಲಿ ಹೇಗೂ 2019ರ ಡಿಸೆಂಬರಿನಿಂದ 21 ತುಂಬದವರಿಗೆ ಮಾರುವಂತಿಲ್ಲ.

ಷಿಕಾಗೋಗೆ ಬಂದರೆ, ತಂಬಾಕು ಬೇಡವಾದರೂ ಒಂದು ಅಂಗಡಿ ನೋಡಿ ಹೋಗಿ. ವಾಬಾಷ್ ಅವೆನ್ಯೂನಲ್ಲಿ ಇವಾನ್ ರೀಸ್ ಅಂತ, ಎರಡನೇ ಮಹಡಿ. 1857ರಲ್ಲಿ ಶುರುವಾದದ್ದು, ಅಂದರೆ ಊರನ್ನೇ ಸುಟ್ಟ 1871ರ ಬೆಂಕಿಗಿಂತ ಹಳೆಯದು. ಈಗಿರುವ ಕಟ್ಟಡ ಆ ಬೆಂಕಿಯ ನಂತರದ್ದು, ಆಡ್ಲರ್ ಮತ್ತು ಸಲಿವನ್ ಅನ್ನೋ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದ್ದು. ಕಿಟಕಿಯ ಹೊರಗೇ ಎತ್ತರದ ಕಂಬಗಳ ಮೇಲೆ ರೈಲು ಹೋಗುತ್ತೆ, ಆ ಸದ್ದಿಗೆ ಒಂದು ಕ್ಷಣ ಮಾತು ನಿಲ್ಲಿಸಬೇಕು. ಪೈಪುಗಳ ಸಾಲು ನೋಡುತ್ತಾ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಹೋದ ವರ್ಷ ಅಪ್ಪ ಬಂದಿದ್ದರು. ಅಪ್ಪನಿಗೆ ನಾನು ಪೈಪ್ ಸೇದೋದು ಗೊತ್ತಿರಲಿಲ್ಲ. ಅವರ ಮುಂದೆ ಸೇದುವ ಪ್ರಶ್ನೆಯೇ ಇಲ್ಲ, ಅಷ್ಟು ಧೈರ್ಯ ನಲವತ್ತು ದಾಟಿದರೂ ಬಂದಿಲ್ಲ. ಆದರೆ ಡಬ್ಬ ಕಪಾಟಿನಲ್ಲಿ ಸಿಕ್ಕಿಬಿಟ್ಟಿತು. ಟೀ ಪುಡಿ ಹುಡುಕುತ್ತಿದ್ದರಂತೆ. ನಾನು ಆಫೀಸಿನ ಕಾಲ್ ಮುಗಿಸಿ ಬಂದಾಗ ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಕನ್ನಡಕ ಹಾಕಿಕೊಂಡು, 1-ಕ್ಯೂ ಸುರಿದುಕೊಂಡು ಕೂತಿದ್ದರು. ಬೈಯಲಿಲ್ಲ. ಗ್ರೇಡ್ ಮಾಡುತ್ತಿದ್ದರು! ಕಪ್ಪನೆಯದು ಒಂದು ಕಡೆ, ಹೊಂಬಣ್ಣದ್ದು ಒಂದು ಕಡೆ, ಬೆರಳ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸಿ.

"ಇದೇನ್ಲಾ ಇದು, ಸೊಪ್ಪಾ?"

"ಹೂಂ ಅಪ್ಪ, ಪೈಪ್ ತಂಬಾಕು."

ಕಪ್ಪು ರಾಶಿಯಿಂದ ಒಂದು ಚಿಟಿಕೆ ತೆಗೆದು ಮೂಸಿದರು, ಹೆಬ್ಬೆರಳಿಂದ ಉಜ್ಜಿದರು, ಬೆರಳನ್ನು ಪಂಚೆಗೆ ಒರೆಸಿದರು. "ಇದಕ್ಕೆ ಬೆಲ್ಲ ಹಾಕವ್ರೆ" ಅಂದರು. ಆಮೇಲೆ ಹೊಂಬಣ್ಣದ ಒಂದು ಎಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬ್ಯಾರನ್ ಬಾಗಿಲಲ್ಲಿ ನಿಂತು ಎಲೆ ನೋಡುತ್ತಿದ್ದದ್ದು ಹೀಗೆಯೇ. "ಇದು ಬ್ರೈಟು. ಚೆನ್ನಾಗಿ ಬೇಯಿಸವ್ರೆ. ಇಷ್ಟ್ ಚೆನ್ನಾಗಿ ಬೇಯ್ಸಿ ಆಮೇಲ್ ಯಾಕ್ಲಾ ಬೆಲ್ಲ ಹಾಕೋದು?"

ಮೂರು ವರ್ಷದಿಂದ ನಾನು ಬರೆಯಬೇಕು ಅಂತಿದ್ದ ರಿವ್ಯೂ ಅಷ್ಟರಲ್ಲೇ ಮುಗಿಯಿತು. ಆದರೂ ಕೊಳ್ಳುವವರಿಗೆ ಕೆಲವು ಮಾತು. ಇದನ್ನು ತಗೊಳ್ಳುವುದಾದರೆ ಒಂದು ಔನ್ಸ್ ಮಾತ್ರ ತಗೊಳ್ಳಿ, ಬಟ್ಟಲು ಚಿಕ್ಕದಾದರೆ ಹತ್ತು ಹನ್ನೆರಡು ಸಲ ಬರುತ್ತೆ. ವೆನಿಲಾ ಇನ್ನೂ ಜೋರಾಗಿ ಬಾಯಿಗೆ ಸಿಗಬೇಕು ಅನ್ನೋರಿಗೆ ಇದು ನಿರಾಸೆ ಮಾಡುತ್ತೆ. ಅದೇ ಕಂಪನಿಯ ಆರ್‌ಎಲ್‌ಪಿ-6 ಅನ್ನೋ ಮಿಶ್ರಣ ಇದಕ್ಕಿಂತ ಸ್ವಲ್ಪ ತುಂಬಿದ ರುಚಿ, ಬಿಸಿಎ ಅನ್ನೋ ಇನ್ನೊಂದು ಪೂರ್ತಿ ಕಪ್ಪು ಕ್ಯಾವೆಂಡಿಶ್, ನನಗೆ ಅದು ಒಂಟಿಯಾಗಿ ಹಿಡಿಸಲಿಲ್ಲ. ನಾನು ಈಚೆಗೆ 1-ಕ್ಯೂಗೆ ಕಾಲು ಭಾಗ ಸಾದಾ ವರ್ಜೀನಿಯಾ ಬೆರೆಸಿ ಒಂದು ವಾರ ಬಾಟಲಿಯಲ್ಲಿ ಮುಚ್ಚಿಡುತ್ತೇನೆ. ನಡುವಿನ ಸಪ್ಪೆ ಹೋಗುತ್ತೆ, ಬಾಗಿಲಿಗೂ ಚಿಲಕ ಬೀಳಲ್ಲ. ಅಂಗಡಿಯವನು "ನಮ್ಮ ಮನೆ ಮಿಶ್ರಣ" ಅಂದರೆ ಮೊದಲು 1-ಕ್ಯೂ ಜಾಡಿ ಇದೆಯಾ ಕೇಳಿ, ಇದ್ದರೆ ಎರಡನ್ನೂ ಒಂದಾದ ಮೇಲೊಂದು ಮೂಸಿ. ಐದಕ್ಕೆ ಮೂರು ಕೊಡುತ್ತೇನೆ. ಪಕ್ಕದ ಕುರ್ಚಿಯಲ್ಲಿ ಕೂತವರು ಕೊಡುವುದಾದರೆ ಐದಕ್ಕೆ ಐದು.

ಅಪ್ಪ ವಾಪಸ್ ಹೋಗುವಾಗ ಒಂದು ಚಿಟಿಕೆ 1-ಕ್ಯೂ ಪೇಪರಿನಲ್ಲಿ ಮಡಿಸಿ ಜೇಬಲ್ಲಿ ಇಟ್ಟುಕೊಂಡರು. ಹರಾಜು ಮಾರುಕಟ್ಟೆಯಲ್ಲಿ ಬೇಲ್ ಮೇಲೆ ಕೂತು ಟೀ ಕುಡಿಯುವ ಗೆಳೆಯರಿಗೆ ತೋರಿಸಬೇಕಂತೆ. ಹದಿನೈದು ದಿನದ ಮೇಲೆ ಫೋನ್ ಬಂತು.

"ಲೋ, ಇವ್ರೆಲ್ಲ ಕೇಳ್ತಾವ್ರೆ, ಅದು ಕೇಜಿಗೆ ಎಷ್ಟು ಬೀಳ್ತದೆ ಅಲ್ಲಿ?"

ಔನ್ಸಿಗೆ ಐದು ಡಾಲರ್, ಕೇಜಿಗೆ ಮೂವತ್ತೈದು ಔನ್ಸ್, ಮನಸ್ಸಲ್ಲೇ ಗುಣಿಸಿದೆ. "ಹದಿನಾಲ್ಕೂವರೆ ಸಾವಿರದ ಹತ್ರ ಆಗುತ್ತೆ ಅಪ್ಪ."

ಆ ಸಲ ಅಪ್ಪನ ಸೊಪ್ಪು ಕೇಜಿಗೆ 250 ರೂಪಾಯಿಯ ಆಸುಪಾಸು ಹೋಗಿತ್ತು. ಆ ಕಡೆ ಸ್ವಲ್ಪ ಹೊತ್ತು ಬರೀ ಮಾರುಕಟ್ಟೆಯ ಗದ್ದಲ ಕೇಳಿಸಿತು. ಆಮೇಲೆ ಅಪ್ಪ ಕೇಳಿದರು:

"ಬೆಲ್ಲ ಹಾಕಿದ್ದಕ್ಕಾ?"